ಅಬ್ಸಿಡಿಯನ್ ಕಲ್ಲಿನ ಉಪಕರಣ ಕೈಗೆ ಬಂದರೆ ದಾಖಲಿಸುವುದು ಹೇಗೆ?

ಮಡಿಕೇರಿಯಲ್ಲಿ ಇತಿಹಾಸ ಓದುವ ಮಕ್ಕಳಿಗೆ ಈ ಕೆಲಸ ಕಲಿಸುವಾಗ ನಾನು ಶುರು ಮಾಡುವುದು ಅಬ್ಸಿಡಿಯನ್‌ನಿಂದ. ಅದು ಜ್ವಾಲಾಮುಖಿಯ ಗಾಜು, ಕೊಡಗಿನ ನೆಲದಲ್ಲಿ ಹುಟ್ಟುವ ಕಲ್ಲಲ್ಲ. ಆದರೆ ಏಟಿನ ಗುರುತು ಅದರಲ್ಲಿ ಕಾಣುವಷ್ಟು ಸ್ಪಷ್ಟವಾಗಿ ನಮ್ಮ ಬೆಣಚುಕಲ್ಲಿನಲ್ಲಿ ಕಾಣುವುದಿಲ್ಲ. ನನ್ನ ಪೆಟ್ಟಿಗೆಯಲ್ಲಿರುವುದು ಕಲಿಕೆಗೆಂದೇ ಈಗ ಒಡೆಸಿದ ಚಕ್ಕೆಗಳು.

ಕಾಫಿ ತೋಟದಲ್ಲಿ ಕಪ್ಪಗೆ ಹೊಳೆಯುವ ಚೂರು ಕಂಡರೆ ಮೊದಲು ಹಳೆ ಬಾಟಲಿಯದೇ ಅಂತ ನೋಡಿ. ಎರಡೂ ಗಾಜೇ ಅಲ್ವಾ, ಒಡೆಯುವ ರೀತಿ ಒಂದೇ. ಬಾಟಲಿ ಚೂರಿನ ದಪ್ಪ ಹೆಚ್ಚುಕಮ್ಮಿ ಒಂದೇ ಸಮ ಇರುತ್ತದೆ, ಮೈ ಬಾಗಿರುತ್ತದೆ.

ಉಪಕರಣವನ್ನು ತೊಳೆಯಬೇಡಿ, ಬ್ರಷ್ ಹಾಕಿ ಉಜ್ಜಬೇಡಿ. ಅಂಚಿನಲ್ಲಿ ಬಳಕೆಯ ಸವೆತವೂ ಅಂಟಿದ ಕಲೆಯೂ ಉಳಿದಿರಬಹುದು. ಮೊದಲು ಸಂಖ್ಯೆ ಕೊಡಿ, ಸಿಕ್ಕ ಜಾಗ ಮತ್ತು ಮಣ್ಣಿನ ಪದರ ಬರೆಯಿರಿ. ಜಾಗ ಗೊತ್ತಿಲ್ಲದ ಚಕ್ಕೆ ಎಷ್ಟು ಚೆಂದವಿದ್ದರೂ ಅರ್ಧ ಮೂಕ. ಒಂದು ಚಕ್ಕೆಗೆ ಒಂದು ಜಿಪ್ ಕವರ್. ಒಟ್ಟಿಗೆ ಸುಮ್ನೆ ತುಂಬಿದರೆ ಅಂಚುಗಳು ತಾಗಿ ಹೊಸ ಚಿಪ್ಪು ಏಳುತ್ತದೆ, ಆಮೇಲೆ ಅದನ್ನೇ ಹಳೆಯ ಬಳಕೆಯ ಗುರುತು ಅಂದುಕೊಳ್ಳುತ್ತೇವೆ. ನಮ್ಮ ಮಳೆಗಾಲದಲ್ಲಿ ಚೀಟಿಗೆ ಬೂಷ್ಟು ಹಿಡಿಯುತ್ತದೆ, ಶಾಯಿ ಹರಡುತ್ತದೆ. ಹಾಗಾಗಿ ಪೆನ್ಸಿಲ್‌ನಲ್ಲಿ ಬರೆಯಿರಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡಿ.

ಈಗ ಚಕ್ಕೆಯನ್ನು ಕೈಯಲ್ಲಿ ಹಿಡಿದು ಕಿಟಕಿಯ ಪಕ್ಕ ಕೂರಿ. ಏಟು ಬಿದ್ದ ಚಪ್ಪಟೆ ತುದಿ ಮೇಲಿರಲಿ. ಅದರ ಕೆಳಗೆ, ಒಳಮೈಯಲ್ಲಿ, ಬೆರಳಿಗೆ ತಾಗುವ ಉಬ್ಬು ಇರುತ್ತದೆ. ಅಲ್ಲಿಂದ ಅಲೆಗಳು ಕೆಳಕ್ಕೆ ಹರಡುತ್ತವೆ. ಈ ಅಲೆ ನೋಡಿ ಏಟು ಯಾವ ಕಡೆಯಿಂದ ಬಂತು ಅಂತ ಹೇಳಬಹುದು. ತಿರುಗಿಸಿ. ಹೊರಮೈಯಲ್ಲಿ ಇದಕ್ಕಿಂತ ಮೊದಲು ಎದ್ದ ಚಕ್ಕೆಗಳ ಗುಳಿಗಳಿವೆ. ಅವನ್ನು ಎಣಿಸಿ, ದಿಕ್ಕು ಬರೆಯಿರಿ. ಕಲ್ಲಿನ ಮೂಲ ಸಿಪ್ಪೆ ಎಷ್ಟು ಉಳಿದಿದೆ ಅಂತಲೂ ಬರೆಯಿರಿ. ಸಿಪ್ಪೆ ಜಾಸ್ತಿ ಇದ್ದರೆ ಅದು ಒಡೆಯುವ ಕೆಲಸದ ಆರಂಭದ ಚಕ್ಕೆ ಇರಬಹುದು.

ಉದ್ದ, ಅಗಲ, ದಪ್ಪಕ್ಕೆ ಪ್ಲಾಸ್ಟಿಕ್ ಕ್ಯಾಲಿಪರ್ ಬಳಸಿ, ಲೋಹದ್ದು ಅಂಚು ಕೀಳುತ್ತದೆ. ಉದ್ದ ಅಗಲದ ಎರಡರಷ್ಟಾದರೂ ಇದ್ದು ಅಂಚುಗಳು ಸಮಾನಾಂತರವಾಗಿದ್ದರೆ ಅದನ್ನು ಅಲಗು ಎನ್ನಿ. ಫೋಟೊಗೆ ಫ್ಲ್ಯಾಶ್ ಬೇಡ, ಮೋಡದ ಬೆಳಕೇ ಸಾಕು. ಮಡಿಕೇರಿಯಲ್ಲಿ ಅದಕ್ಕೇನು ಬರ!

ಬೆಳಕಿಗೆ ಹಿಡಿದಾಗ ಕಾಣುವ ಬಣ್ಣವನ್ನೂ ಬರೆಯಿರಿ. ಮೆಕ್ಸಿಕೋದ ಪಚುಕಾ ಅಬ್ಸಿಡಿಯನ್ ಹಸಿರು, ಇಟಲಿಯ ಪ್ಯಾಂಟೆಲೆರಿಯಾ ದ್ವೀಪದ್ದೂ ಹಸಿರು ಛಾಯೆಯದು. ಅಂದ ಮೇಲೆ ಬಣ್ಣ ಒಂದನ್ನೇ ನಂಬಿ ಮೂಲ ಹೇಳಬಾರದು. ಎಕ್ಸ್-ರೇ ಫ್ಲೋರೊಸೆನ್ಸ್ ಯಂತ್ರ ಚಕ್ಕೆಯನ್ನು ಕತ್ತರಿಸದೆಯೇ ರುಬಿಡಿಯಂ, ಸ್ಟ್ರಾನ್ಷಿಯಂ, ಜಿರ್ಕೋನಿಯಂ ಧಾತುಗಳ ಪ್ರಮಾಣ ಅಳೆಯುತ್ತದೆ. ಆ ಲೆಕ್ಕ ಜ್ವಾಲಾಮುಖಿಯಿಂದ ಜ್ವಾಲಾಮುಖಿಗೆ ಬೇರೆ. ಟರ್ಕಿಯಲ್ಲಿರುವ ನವಶಿಲಾಯುಗದ ಊರು ಚಾತಾಲ್‌ಹೊಯುಕ್‌ನ ಚಕ್ಕೆಗಳು ಅದೇ ದೇಶದ ದೂರದ ಜ್ವಾಲಾಮುಖಿ ಪ್ರದೇಶ ಕಪ್ಪಡೋಕಿಯಾದವು ಅಂತ ಗೊತ್ತಾಗಿದ್ದು ಇಂಥ ಧಾತು ಪರೀಕ್ಷೆಗಳಿಂದ. ನನಗೆ ಇಡೀ ಕೆಲಸದಲ್ಲಿ ಅತ್ಯಂತ ಇಷ್ಟದ ಭಾಗ ಇದು, ಜನ ಕಲ್ಲು ಹೊತ್ತು ನಡೆದ ದಾರಿ ಇಲ್ಲಿ ಕಾಣುತ್ತದೆ.

ಮೇಲ್ಮೈಗೆ ನೀರು ಇಳಿದ ಪದರದ ದಪ್ಪದಿಂದ ಕಾಲ ಅಳೆಯುವ ಕ್ರಮ 1960ರಿಂದ ಇದೆ. ಅದಕ್ಕೆ ತೆಳುವಾದ ತುಂಡು ಕತ್ತರಿಸಬೇಕು, ಆದ್ದರಿಂದ ಕೊನೆಗೆ ಇಡಿ. ಶಾಖ ಜಾಸ್ತಿ ಇದ್ದಲ್ಲಿ ಪದರ ಬೇಗ ಬೆಳೆಯುವುದರಿಂದ ಸಿಕ್ಕ ಜಾಗದ ಹವೆಯ ವಿವರವೂ ಬೇಕು.

ಕೊಡಗಿನಲ್ಲೇ ಬೆಣಚುಕಲ್ಲಿನ ಚಕ್ಕೆ ಕಂಡರೂ ಇದೇ ಕ್ರಮ. ಆದರೆ ಎತ್ತಬೇಡಿ. ಇದ್ದಲ್ಲೇ ಫೋಟೊ ತೆಗೆದು, ಜಿಪಿಎಸ್ ಬರೆದು, ಮಡಿಕೇರಿ ಕೋಟೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಿಳಿಸಿ. ಫೋಟೊದಲ್ಲಿ ಅಳತೆಪಟ್ಟಿ, ಉತ್ತರ ದಿಕ್ಕಿನ ಬಾಣ ಎರಡೂ ಇರಲಿ.