ಆಡಿನ ಕೋಡಿನಿಂದ ಹುಲ್ಲೆಗಳ ಹಾದಿಗೆ: ನನ್ನ ಅನುಭವ

ಉಡುಪಿಯ ಸುತ್ತ ಅಗೆದರೆ ಸಿಗುವುದು ಮುರಕಲ್ಲು, ಅದರಡಿಯಲ್ಲಿ ಪುರಾತನ ಶಿಲೆ; ಶಿವಾಲಿಕ್ ಬೆಟ್ಟಗಳಲ್ಲಿರುವಂತೆ ಸಸ್ತನಿಗಳ ಪಳೆಯುಳಿಕೆ ತುಂಬಿದ ಪದರಗಳು ನಮ್ಮಲ್ಲಿಲ್ಲ. ಹೀಗಾಗಿ, ಪದವಿ ತರಗತಿಗೆ ಪ್ರಾಣಿಶಾಸ್ತ್ರ ಕಲಿಸುವ ನಾನು ಕೃಷ್ಣಮೃಗದಂಥ ಹುಲ್ಲೆಗಳು ಖಂಡದಿಂದ ಖಂಡಕ್ಕೆ ಹರಡಿದ ಬಗೆಯನ್ನು ವಿವರಿಸಲು ಮಲ್ಪೆಯ ಮಾಂಸದಂಗಡಿಯಿಂದ ಒಂದು ಆಡಿನ ತಲೆಯನ್ನು ತಂದು ಆರಂಭಿಸಿದೆ. ಕೃಷ್ಣಮೃಗದ ಕೊಂಬನ್ನು ಇಟ್ಟುಕೊಳ್ಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ, ಬಿಡಲೂ ಬಾರದು. ಆಡು, ಹಸು, ಹುಲ್ಲೆಗಳೆಲ್ಲ ಒಂದೇ ಕುಟುಂಬದವಾದ್ದರಿಂದ ಪಾಠಕ್ಕೆ ಆಡೇ ಸಾಕು.

ಮೊದಲ ತಲೆಯನ್ನು ಗಂಟೆಗಟ್ಟಲೆ ಕುದಿಸಿದ್ದರಿಂದ ಮೂಳೆ ಸುಣ್ಣದಂತೆ ಉದುರಿ, ಹಲ್ಲುಗಳು ಸೀಳಿಹೋದವು. ಎರಡನೆಯದನ್ನು ಏಪ್ರಿಲ್ ತಿಂಗಳ ಸೆಕೆಯಲ್ಲಿ, ಮುಚ್ಚಳವಿರುವ ಬಕೆಟಿನ ನೀರಿನಲ್ಲಿ ಮೂರು ವಾರ ಕೊಳೆಯಲು ಬಿಟ್ಟೆ. ಆಮೇಲೆ ಕೋಡನ್ನು ಮೆಲ್ಲಗೆ ತಿರುಗಿಸಿದಾಗ ಹೊರಗಿನ ಕವಚ ಇಡಿಯಾಗಿ ಕಳಚಿಕೊಂಡು, ಒಳಗಿನ ಮೂಳೆಯ ತಿರುಳು ನನ್ನ ಕೈಯಲ್ಲಿ ಉಳಿಯಿತು. ಕವಚ ಉಗುರಿನಂಥ ವಸ್ತುವಾದ್ದರಿಂದ ಸಾಮಾನ್ಯವಾಗಿ ಮಣ್ಣಿನಲ್ಲಿ ನಶಿಸುತ್ತದೆ. ಕಲ್ಲಾಗಿ ನಮಗೆ ದೊರೆಯುವುದು ಈ ತಿರುಳು. ಮಾತಿನಲ್ಲಿ ನಾವು ಚುಕ್ಕೆ ಜಿಂಕೆಯನ್ನೂ ಕೃಷ್ಣಮೃಗವನ್ನೂ ಜಿಂಕೆ ಎಂದೇ ಕರೆಯುತ್ತೇವೆ, ಆದರೆ ಮೊದಲನೆಯದು ಪ್ರತಿ ವರ್ಷ ಉದುರಿಸುವ ಕವಲುಕೊಂಬು ಗಟ್ಟಿ ಮೂಳೆ, ಎರಡನೆಯದರದು ಬದುಕಿರುವವರೆಗೂ ಉಳಿಯುವ ತಿರುಳು ಮತ್ತು ಕವಚ. ಅಮೆರಿಕದ ಪ್ರಾಂಗ್‌ಹಾರ್ನ್ ವರ್ಷಕ್ಕೊಮ್ಮೆ ಕವಚವನ್ನು ಮಾತ್ರ ಕಳಚುತ್ತದೆ; ಹುಲ್ಲೆಯಂತೆ ಕಂಡರೂ ಅದರ ಕುಟುಂಬವೇ ಬೇರೆ.

ತಿರುಳನ್ನು ಗರಗಸದಿಂದ ಅಡ್ಡ ಕೊಯ್ದು, ಕೊಯ್ದ ಮುಖಕ್ಕೆ ಶಾಯಿ ಸವರಿ ಕಾಗದಕ್ಕೊತ್ತಿದೆ. ಆ ಅಚ್ಚನ್ನು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದಲ್ಲಿ ದುಡಿದಿದ್ದ ಗೈ ಪಿಲ್ಗ್ರಿಮ್ 1939ರಲ್ಲಿ ಪ್ರಕಟಿಸಿದ ಶಿವಾಲಿಕ್ ಪ್ರಾಣಿಗಳ ಅಧ್ಯಯನದ ಜೊತೆ ಹೋಲಿಸಿ ನೋಡಲು ಕುಳಿತಾಗ ವಿಷಯ ನನಗೇ ಹೊಸದಾಗಿ ತೆರೆದುಕೊಂಡಿತು. ಮುಂಭಾಗದಲ್ಲಿ ಚೂಪಾದ ಏಣು ಇರುವ, ತ್ರಿಕೋನಾಕಾರದ ತಿರುಳಿನ ಟ್ರಾಗೋಪೋರ್ಟಾಕ್ಸ್ ಎಂಬ ಅಳಿದುಹೋದ ಹುಲ್ಲೆ ಶಿವಾಲಿಕ್‌ನಲ್ಲೂ ಇತ್ತು, ಗ್ರೀಸಿನ ಪಿಕರ್ಮಿಯಲ್ಲೂ ಇತ್ತು. ಅದರ ಗುಂಪಿನಲ್ಲಿ ಇಂದು ಉಳಿದಿರುವುದು ನೀಲಗಾಯಿ ಮತ್ತು ನಾಲ್ಕು ಕೊಂಬಿನ ಕೊಂಡುಕುರಿ ಎರಡೇ. ಎರಡೂ ನಮ್ಮ ಉಪಖಂಡದವು. ನಮ್ಮಲ್ಲಷ್ಟೇ ಇದೆಯೆಂದು ಹೆಮ್ಮೆಪಡುವ ಕೊಂಡುಕುರಿ, ಒಂದು ಕಾಲಕ್ಕೆ ಯುರೋಪಿನವರೆಗೂ ಹಬ್ಬಿದ್ದ ದೊಡ್ಡ ಬಳಗದ ಕೊನೆಯ ಕುಡಿಗಳಲ್ಲೊಂದು ಎಂದು ತಿಳಿದಾಗ ಅದರ ಮೇಲಿನ ಅಕ್ಕರೆ ಇಮ್ಮಡಿಸಿತು.

ಇದಕ್ಕಿಂತ ಹಿಂದಿನ ಕಥೆಗೆ ನಕಾಶೆ ಬೇಕಾಯಿತು. ಸುಮಾರು 2 ಕೋಟಿ ವರ್ಷಗಳ ಹಿಂದೆ ಆಫ್ರಿಕ-ಅರೇಬಿಯದ ಭೂಭಾಗ ಯುರೇಷಿಯಕ್ಕೆ ತಾಗಿ ನೆಲದ ಹಾದಿ ತೆರೆದುಕೊಂಡಾಗ ಆನೆಯ ಬಳಗ ಆಫ್ರಿಕದಿಂದ ಹೊರಬಂದಿತು, ಹುಲ್ಲೆಗಳ ಪೂರ್ವಜರು ಒಳಹೊಕ್ಕರು. ಸುಮಾರು 1.8 ಕೋಟಿ ವರ್ಷ ಹಳೆಯ, ಗಿಡ್ಡ ನೇರ ಕೋಡಿನ ಇಯೋಟ್ರಾಗಸ್ ಎಂಬ ಆರಂಭದ ಹುಲ್ಲೆ ಪಾಕಿಸ್ತಾನದಲ್ಲಿ ಸಿಕ್ಕಿದೆ. ಯುರೋಪಿನಲ್ಲೂ ಅದೇ ಕುಲದ ಪಳೆಯುಳಿಕೆಗಳಿವೆ.

ವಿದ್ಯಾರ್ಥಿಗಳು ಕೂಡಲೇ ಏಷ್ಯದಿಂದ ಹೊರಟ ಬಾಣಗಳನ್ನು ಗಟ್ಟಿಯಾಗಿ ಎಳೆದರು. ಅತ್ಯಂತ ಹಳೆಯ ಮೂಳೆ ಸಿಕ್ಕ ಊರೇ ಹುಟ್ಟೂರಾಗಬೇಕಿಲ್ಲ ಎನ್ನಲು ನಾನು ಕಿಟಕಿಯಾಚೆಯ ಮುರಕಲ್ಲಿನ ಗೋಡೆಯನ್ನು ತೋರಿಸಿದೆ: ಈ ಕರಾವಳಿಯಲ್ಲಿ ಹುಲ್ಲೆಯ ಮೂಳೆ ಸಿಗದಿರುವುದರಿಂದ ಇಲ್ಲಿ ಹುಲ್ಲೆ ನಡೆದಾಡಿರಲೇ ಇಲ್ಲ ಎನ್ನಲಾಗುವುದೇ? ಅವರು ಬಾಣಗಳನ್ನು ಅಳಿಸಿ, ಮೂಳೆ ಸಿಕ್ಕ ಜಾಗಗಳನ್ನು ಚುಕ್ಕೆಗಳಲ್ಲಿ ಗುರುತಿಸಿ, ನಡುವಿನ ಹಾದಿಯನ್ನು ಪೆನ್ಸಿಲಿನಲ್ಲಿ ಬಿಡಿಬಿಡಿ ಗೆರೆಯಾಗಿ ಎಳೆದರು.