ಮೆದುಳಿನ ಎರಡೂ ಬದಿಯಲ್ಲಿ ಅನ್ಯೂರಿಸಂ: ಎರಡು ಸಲ ತಲೆ ತೆರೆಯಬೇಕೇ?

ರಕ್ತನಾಳದ ಗೋಡೆ ಒಂದು ಕಡೆ ಸೋತು, ಸೈಕಲ್ ಟ್ಯೂಬ್ ಉಬ್ಬಿದ ಹಾಗೆ ಉಬ್ಬಿಕೊಳ್ಳುತ್ತದೆ. ಇದೇ ಅನ್ಯೂರಿಸಂ. ಮೆದುಳಿನಲ್ಲಿ ಇದು ಹೆಚ್ಚಾಗಿ ನಾಳ ಕವಲೊಡೆಯುವ ಕಡೆಯೇ ಬರುತ್ತದೆ. ರಕ್ತದ ಹೊಡೆತ ಬೀಳುವುದು ಅಲ್ಲೇ ಅಲ್ವಾ? ಅನ್ಯೂರಿಸಂ ಇರುವ ಐವರಲ್ಲಿ ಸುಮಾರು ಒಬ್ಬರಿಗೆ ಒಂದಕ್ಕಿಂತ ಜಾಸ್ತಿ ಇರುತ್ತವೆ. ಕೆಲವರಿಗೆ ಎಡಕ್ಕೊಂದು, ಬಲಕ್ಕೊಂದು. ಇನ್ನು ಕೆಲವರಿಗೆ ಎರಡೂ ಬದಿಯಲ್ಲಿ ಒಂದೇ ಜಾಗದಲ್ಲಿ, ಕನ್ನಡಿಯಲ್ಲಿ ಕಂಡಂತೆ.

ಹೀಗಿದ್ದಾಗ ಎರಡು ಸಲ ತಲೆ ತೆರೆಯಬೇಕಾ ಎಂದು ಮನೆಯವರು ಹೆದರುವುದು ಸಹಜ. ಯಾವಾಗಲೂ ಬೇಕಿಲ್ಲ. ವೈದ್ಯರು ಹೇಗೆ ತೀರ್ಮಾನಿಸುತ್ತಾರೆ, ನೋಡೋಣ.

ಮೊದಲು, ಒಡೆದಿದೆಯೇ? ಯಾವುದು?

ಉಳಿದೆಲ್ಲವೂ ಈ ಪ್ರಶ್ನೆಯ ಮೇಲೆ ನಿಂತಿದೆ. ಸಿಡಿಲು ಬಡಿದ ಹಾಗೆ ಒಮ್ಮೆಲೇ ಬರುವ, ಹಿಂದೆಂದೂ ಕಾಣದಂಥ ತಲೆನೋವು ಒಡೆದಿರುವುದರ ಗುರುತು. ಹಾಗಾದರೆ ಮಾತ್ರೆ ನುಂಗಿ ಮಲಗಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಒಮ್ಮೆ ಒಡೆದದ್ದು ಮತ್ತೆ ಒಡೆಯುವ ಅಪಾಯ ಮೊದಲ 24 ಗಂಟೆಗಳಲ್ಲೇ ಅತಿ ಹೆಚ್ಚು.

ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತ ಬೆಳ್ಳಗೆ ಕಾಣುತ್ತದೆ. ಅದು ಯಾವ ಬದಿಯಲ್ಲಿ ದಟ್ಟವಾಗಿದೆ ಎಂಬುದೇ ದೊಡ್ಡ ಸುಳಿವು. ಆಂಜಿಯೋಗ್ರಾಂನಲ್ಲಿ, ಅಂದರೆ ರಕ್ತನಾಳಗಳನ್ನು ತೋರಿಸುವ ಚಿತ್ರದಲ್ಲಿ, ಉಬ್ಬಿನ ಆಕಾರ ನೋಡುತ್ತಾರೆ. ದೊಡ್ಡದು, ಸೊಟ್ಟಗಿರುವುದು, ಮೈಮೇಲೆ ಇನ್ನೊಂದು ಪುಟ್ಟ ಮೊಗ್ಗು ಎದ್ದಿರುವುದು, ಇಂಥದ್ದರ ಮೇಲೆ ಅನುಮಾನ ಜಾಸ್ತಿ. ಒಡೆದದ್ದಕ್ಕೇ ಮೊದಲ ಚಿಕಿತ್ಸೆ. ಒಡೆಯದ ಇನ್ನೊಂದು ಉಬ್ಬು ವಾರಗಟ್ಟಲೆ ಕಾಯಬಹುದು.

ಆಮೇಲೆ, ಕ್ಲಿಪ್ಪೋ ಕಾಯಿಲೋ?

ಕ್ಲಿಪ್ ಎಂದರೆ ತಲೆಬುರುಡೆ ತೆರೆದು ಉಬ್ಬಿನ ಕತ್ತಿಗೆ, ಅಂದರೆ ಅದು ನಾಳಕ್ಕೆ ಅಂಟಿರುವ ಕಡೆಗೆ, ಹೊರಗಿನಿಂದ ಹಾಕುವ ಪುಟ್ಟ ಚಿಮಟ. 1937ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಇದನ್ನು ಮೊದಲು ಮಾಡಿದರು. ಕಾಯಿಲ್ ವಿಧಾನದಲ್ಲಿ ತಲೆ ತೆರೆಯುವುದೇ ಇಲ್ಲ. ತೊಡೆಯ ಸಂದಿನಿಂದಲೋ ಮಣಿಕಟ್ಟಿನಿಂದಲೋ ತೆಳು ಕೊಳವೆ ಕಳಿಸಿ, ಉಬ್ಬಿನೊಳಗೆ ಪ್ಲಾಟಿನಂ ತಂತಿ ಸುರುಳಿ ತುಂಬುತ್ತಾರೆ. ಎರಡೂ ಬದಿಗೆ ಇದು ಅನುಕೂಲ, ಏಕೆಂದರೆ ಒಂದೇ ತೂತಿನಿಂದ ಎಡಕ್ಕೂ ಬಲಕ್ಕೂ ಹೋಗಬಹುದು. ಆದರೆ ಉಬ್ಬಿನ ಕತ್ತು ಅಗಲವಾಗಿದ್ದರೆ ಸುರುಳಿ ನಿಲ್ಲುವುದು ಕಷ್ಟ. ಸುರುಳಿಗೆ ಆಸರೆಯಾಗಿ ನಾಳದೊಳಗೆ ಸ್ಟೆಂಟ್ ಎಂಬ ಜಾಲರಿ ಕೊಳವೆ ಹಾಕಿದರೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಡಬೇಕು. ಈಗಷ್ಟೇ ರಕ್ತಸ್ರಾವ ಆದವರಿಗೆ ಆ ಮಾತ್ರೆ ಅಪಾಯ. ಒಂದಕ್ಕೆ ಕ್ಲಿಪ್, ಇನ್ನೊಂದಕ್ಕೆ ಕಾಯಿಲ್ ಹಾಕುವುದೂ ಉಂಟು.

ಒಂದೇ ಬಾಗಿಲಿನಿಂದ ಎರಡೂ

ನನಗೆ ಅತ್ಯಂತ ಸೋಜಿಗ ಅನಿಸುವುದು ಈ ದಾರಿಯೇ. ಕಣತಲೆಯ ಹತ್ತಿರ ಬುರುಡೆಯ ಒಂದು ತುಂಡು ತೆಗೆಯುತ್ತಾರೆ. ಮೈಕ್ರೋಸ್ಕೋಪ್ ಅಡಿಯಲ್ಲಿ ಮೆದುಳಿನ ಎರಡು ಭಾಗಗಳ ನಡುವಿನ ಸಂದನ್ನು ಬಿಡಿಸುತ್ತಾರೆ. ಜೇಡರ ಬಲೆಯಂಥ ತೆಳು ಪೊರೆ ಕತ್ತರಿಸಿದೊಡನೆ ತಿಳಿನೀರಿನಂಥ ದ್ರವ ಹೊರಬರುತ್ತದೆ. ಅದನ್ನು ನಿಧಾನವಾಗಿ ಹೀರಿದಂತೆ ಮೆದುಳು ತಾನಾಗಿ ತಗ್ಗಿ ಜಾಗ ಬಿಡುತ್ತದೆ. ಈ ಬದಿಯ ಉಬ್ಬಿಗೆ ಕ್ಲಿಪ್ ಹಾಕಿ, ಕಣ್ಣಿನ ನರಗಳ ಮೇಲಿಂದ ಆಚೆ ಬದಿಗೆ ಸಾಗುತ್ತಾರೆ.

ಎಲ್ಲರಿಗೂ ಇದು ಹೊಂದುವುದಿಲ್ಲ. ಆಚೆಯ ಉಬ್ಬು ಒಡೆದಿರಬಾರದು, ಚಿಕ್ಕದಿರಬೇಕು, ಅದರ ಕತ್ತು ಈ ಕಡೆಯಿಂದ ಕಾಣಬೇಕು. ತಲೆಯ ನಡುಗೆರೆಯ ಹತ್ತಿರವಿದ್ದಷ್ಟೂ ಸುಲಭ. ಕುತ್ತಿಗೆಯಿಂದ ಬರುವ ದೊಡ್ಡ ನಾಳದ ಹಿಂಗೋಡೆಯಲ್ಲಿದ್ದರೆ ನಾಳವೇ ಅಡ್ಡ ನಿಲ್ಲುತ್ತದೆ. ರಕ್ತಸ್ರಾವದಿಂದ ಮೆದುಳು ಊದಿಕೊಂಡಿದ್ದರೆ ಆಚೆ ಹೋಗಲು ಜಾಗವೇ ಸಿಗದು. ಅಷ್ಟು ದೂರದಲ್ಲಿ ಉಬ್ಬು ಒಡೆದರೆ ರಕ್ತ ನಿಲ್ಲಿಸುವುದೂ ಕಷ್ಟ. ವಾಸನೆಯ ನರಕ್ಕೆ ಪೆಟ್ಟಾಗುವ ಸಂಭವವೂ ಇದೆ. ಹಾಗಾಗಿ ಸರ್ಜನ್ ಅರ್ಧದಲ್ಲಿ ನಿಲ್ಲಿಸಿ, "ಇನ್ನೊಂದನ್ನು ಆಮೇಲೆ ಮಾಡೋಣ" ಎಂದರೆ ಅದು ಸೋಲಲ್ಲ, ಒಳ್ಳೆಯ ತೀರ್ಮಾನ.

ಆಗದಿದ್ದರೆ, ಎರಡು ಹಂತ

ಒಂದು ಬದಿ ಈಗ, ಇನ್ನೊಂದು ರೋಗಿ ಚೇತರಿಸಿಕೊಂಡ ಮೇಲೆ. ಒಂದೇ ದಿನ ಎರಡೂ ಕಡೆ ಬುರುಡೆ ತೆರೆಯುವುದೂ ಇದೆ. ಆದರೆ ಎರಡೂ ಬದಿಯ ಮೆದುಳನ್ನು ಒಟ್ಟಿಗೆ ಅಲುಗಿಸಿದಂತಾಗುತ್ತದೆ, ಅದಕ್ಕೇ ಅಳೆದು ತೂಗಿ ಮಾಡುತ್ತಾರೆ. ಚಿಕ್ಕದಾಗಿ, ಒಡೆಯದೆ ಸುಮ್ನೆ ಕುಳಿತಿರುವ ಉಬ್ಬನ್ನು ಮುಟ್ಟದೆ, ಸ್ಕ್ಯಾನ್ ಮಾಡುತ್ತಾ ಕಾಯುವುದೂ ಸರಿಯಾದ ದಾರಿಯೇ.

ಮುಗಿಸುವ ಮುನ್ನ, ಮುಗಿದ ಮೇಲೆ

ಕ್ಲಿಪ್ ಹಾಕಿದ ಮೇಲೆ ಹೊಳೆಯುವ ಬಣ್ಣವೊಂದನ್ನು ರಕ್ತಕ್ಕೆ ಬಿಟ್ಟು ನೋಡುವುದುಂಟು. ಉಬ್ಬು ಕಪ್ಪಾಗಿರಬೇಕು, ಪಕ್ಕದ ಕವಲುಗಳೆಲ್ಲ ಹೊಳೆಯಬೇಕು. ಒಂದು ಕವಲು ಹೊಳೆಯದಿದ್ದರೂ ಕ್ಲಿಪ್ ತೆಗೆದು ಮತ್ತೆ ಹಾಕುತ್ತಾರೆ.

ಒಡೆದಿದ್ದವರಲ್ಲಿ ಸುಮಾರು 4ರಿಂದ 14ನೇ ದಿನದವರೆಗೆ ರಕ್ತನಾಳಗಳು ಬಿಗಿದುಕೊಳ್ಳಬಹುದು. ಅದರ ಕೆಡುಕು ತಪ್ಪಿಸಲು ಸಾಮಾನ್ಯವಾಗಿ 21 ದಿನ ನಿಮೋಡಿಪಿನ್ ಎಂಬ ಔಷಧಿ ಕೊಡುತ್ತಾರೆ. ಕಾಯಿಲ್ ಹಾಕಿದ ಉಬ್ಬು ಮತ್ತೆ ತುಂಬಿಕೊಳ್ಳಬಹುದು, ಆದ್ದರಿಂದ ಮರುಸ್ಕ್ಯಾನ್ ತಪ್ಪಿಸಬಾರದು. ಬಿ.ಪಿ. ಹಿಡಿತದಲ್ಲಿರಬೇಕು, ಸಿಗರೇಟು ಬಿಡಲೇಬೇಕು. ಕ್ಲಿಪ್ ಯಾವ ಲೋಹದ್ದು ಎಂಬ ವಿವರವಿರುವ ಕಾಗದವನ್ನು ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ಈಗಿನ ಟೈಟಾನಿಯಂ ಕ್ಲಿಪ್‌ಗಳಿದ್ದರೂ ಎಂ.ಆರ್.ಐ. ಮಾಡಿಸಬಹುದು, ಆದರೆ ಒಳಗೆ ಹೋಗುವ ಮೊದಲು ಆ ಕಾಗದ ತೋರಿಸಿ.