ಮಾಸಾಯಿ ಮಾರಾದಲ್ಲಿ ಕ್ಯಾಮೆರಾ: ಗಾಡಿ ಎಲ್ಲಿ ನಿಲ್ಲಬೇಕು?

ಆಫ್ರಿಕಾಕ್ಕೆ ಯಾವ ಲೆನ್ಸ್ ಒಯ್ಯಬೇಕು ಎಂದು ಗೆಳೆಯರು ಕೇಳುತ್ತಲೇ ಇರುತ್ತಾರೆ. ನಾನು ಲೆನ್ಸಿನ ಮಾತನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಕೆನ್ಯಾದ ಮಾಸಾಯಿ ಮಾರಾದಲ್ಲಿ ಚಿತ್ರ ಚೆನ್ನಾಗಿ ಬರುವುದೂ ಕೆಡುವುದೂ ಗಾಡಿ ನಿಂತ ಜಾಗವನ್ನು ಅವಲಂಬಿಸಿದೆ. ಕಬಿನಿ, ಬಂಡೀಪುರಗಳಲ್ಲಿ ಕ್ಯಾಮೆರಾ ಹಿಡಿದು ಪಳಗಿದವರಿಗೆ ಇದು ಕೂಡಲೇ ಹೊಳೆಯುವುದಿಲ್ಲ. ನಮ್ಮ ಕಾಡಿನಲ್ಲಿ ಹುಲಿ ಲಂಟಾನಾ ಪೊದೆಯಿಂದ ಹೊರಬಂದು ದಾರಿ ದಾಟಿ ಮರೆಯಾಗುವಷ್ಟರಲ್ಲಿ ಸಿಕ್ಕಿದ್ದೇ ಫ್ರೇಮು. ಹಿನ್ನೆಲೆ, ಬೆಳಕಿನ ದಿಕ್ಕು ಎಂದು ಆರಿಸುವ ಪುರುಸೊತ್ತು ಇರುವುದಿಲ್ಲ. ಮಾರಾದ್ದು ಬಯಲು. ಕಣ್ಣು ಹಾಯಿಸಿದಷ್ಟು ದೂರ ಹುಲ್ಲು, ನಡುನಡುವೆ ಒಂಟಿ ಮರ. ತಲೆಮಾರುಗಳಿಂದ ಗಾಡಿಗಳನ್ನು ನೋಡಿದ ಪ್ರಾಣಿಗಳು ಗಂಟೆಗಟ್ಟಲೆ ನಮ್ಮ ಎದುರಿಗೇ ಇರುತ್ತವೆ. ಅಲ್ಲಿ ಸಮಯಕ್ಕೆ ಬರವಿಲ್ಲ. ಆ ಸಮಯವನ್ನು ಹೇಗೆ ಬಳಸಬೇಕೆಂಬ ಯೋಚನೆ ನಮ್ಮದಾಗಿರಬೇಕು, ಅಷ್ಟೆ.

ನಾವು ಹೋದದ್ದು ಆಗಸ್ಟಿನಲ್ಲಿ. ಜುಲೈಯಿಂದ ಅಕ್ಟೋಬರ್‌ವರೆಗೆ ತಾಂಜಾನಿಯಾದ ಸೆರೆಂಗೆಟಿಯಿಂದ ವಿಲ್ಡೆಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡುಗಳು ಜೀಬ್ರಾಗಳ ಜೊತೆ ಮಾರಾ ನದಿ ದಾಟಿ ಹುಲ್ಲು ಹುಡುಕಿ ಬರುತ್ತವೆ. ಇಡೀ ವಲಸೆಯಲ್ಲಿ ವಿಲ್ಡೆಬೀಸ್ಟ್‌ಗಳೇ ಹತ್ತು ಲಕ್ಷಕ್ಕೂ ಹೆಚ್ಚು. ಜನ ಹೆಚ್ಚು ಸೇರುವ ಕಾಲವೂ ಇದೇ, ದುಬಾರಿ ಕಾಲವೂ ಇದೇ. 2024ರ ಜುಲೈಯಿಂದ ವಿದೇಶಿಯರಿಗೆ ಜುಲೈ-ಡಿಸೆಂಬರ್ ಅವಧಿಯ ಪ್ರವೇಶ ಶುಲ್ಕ ದಿನಕ್ಕೆ 200 ಡಾಲರ್ ಆಗಿದೆ. ಆದ್ದರಿಂದ ವಾಸ್ತವ್ಯವನ್ನು ನಾವು ಎರಡು ಭಾಗ ಮಾಡಿಕೊಂಡೆವು. ನದಿ ದಾಟುವ ದೃಶ್ಯಕ್ಕೆ ಮುಖ್ಯ ಮೀಸಲು ಅರಣ್ಯ, ನಿಧಾನವಾಗಿ ಒಂದು ಪ್ರಾಣಿಯ ಜೊತೆ ಕಳೆಯಲು ಅದರ ಉತ್ತರದ ಅಂಚಿನ ಕನ್ಸರ್ವೆನ್ಸಿ. ಕನ್ಸರ್ವೆನ್ಸಿ ಎಂದರೆ ಅಲ್ಲಿಯ ದನಗಾಹಿ ಜನರಾದ ಮಾಸಾಯಿ ಕುಟುಂಬಗಳು ತಮ್ಮ ಜಮೀನನ್ನು ವನ್ಯಜೀವಿಗಳಿಗಾಗಿ ಗುತ್ತಿಗೆಗೆ ಕೊಟ್ಟು, ಪ್ರವಾಸೋದ್ಯಮದಿಂದ ಬಾಡಿಗೆ ಪಡೆಯುವ ವ್ಯವಸ್ಥೆ. ಅಲ್ಲಿ ಗಾಡಿಗಳು ಕಡಿಮೆ. ದಾರಿ ಬಿಟ್ಟು ಹುಲ್ಲಿಗೆ ಇಳಿಯಲೂ ಅನುಮತಿ ಇರುತ್ತದೆ. ದುಡ್ಡು ಎಲ್ಲಿ ಹಾಕಬೇಕು ಎಂದು ಕೇಳಿದರೆ ನನ್ನ ಉತ್ತರ ಒಂದೇ: ಲೆನ್ಸನ್ನು ಬೆಂಗಳೂರಿನಲ್ಲಿ ಬಾಡಿಗೆಗೆ ತನ್ನಿ, ಉಳಿದ ಹಣದಲ್ಲಿ ಛಾಯಾಗ್ರಾಹಕರು ಮಾತ್ರ ಇರುವ ಸ್ವಂತ ಗಾಡಿ ಗೊತ್ತು ಮಾಡಿಕೊಳ್ಳಿ. ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆದು "ಮುಂದೆ ಹೋಗೋಣವಾ?" ಎನ್ನುವವರು ಒಬ್ಬರಿದ್ದರೂ ನೀವು ಕಾಯಲಾರಿರಿ.

ನಮ್ಮ ಚಾಲಕರು ಅಲ್ಲಿಯೇ ದನ ಮೇಯಿಸುತ್ತ ಬೆಳೆದ ಮಾಸಾಯಿ. ಮೊದಲ ರಾತ್ರಿಯೇ ಊಟದ ಬಳಿಕ ಅವರ ಪಕ್ಕ ಕೂತು, ನಾನು ಹಿಂದೆ ತೆಗೆದ ಕೆಲವು ಚಿತ್ರಗಳನ್ನು ತೋರಿಸಿದೆ. ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆಗಳ ಬಿಗ್ ಫೈವ್ ಎಂಬ ಪಟ್ಟಿ ನಮಗೆ ಬೇಡ, ಬೆಳಿಗ್ಗೆ ಒಂದು ಒಳ್ಳೆಯ ಪ್ರಾಣಿ ಸಿಕ್ಕರೆ ಅದರ ಜೊತೆಗೇ ಇರೋಣ, ರೇಡಿಯೊದಲ್ಲಿ ಬೇರೆ ಕಡೆ ಚಿರತೆ ಇದೆ ಎಂದು ಕೇಳಿಬಂದರೂ ಹೊರಡುವುದು ಬೇಡ ಎಂದೆ. ಅವರ ಮುಖ ಅರಳಿತು. ಒಂದರ ಬೆನ್ನಿಗೆ ಒಂದು ಪ್ರಾಣಿ ತೋರಿಸು ಎನ್ನುವವರೇ ಹೆಚ್ಚಂತೆ. ಈ ಅರ್ಧ ಗಂಟೆಯ ಮಾತುಕತೆಯಿಂದ ಆದ ಲಾಭ ಯಾವ ಉಪಕರಣದಿಂದಲೂ ಆಗಲಿಲ್ಲ. ಮರುದಿನದಿಂದ ಅವರು ಗಾಡಿ ನಿಲ್ಲಿಸುವ ಮೊದಲು ಸೂರ್ಯ ಎಲ್ಲಿದ್ದಾನೆಂದು ನೋಡತೊಡಗಿದರು. ಎಂಜಿನ್ ಆಫ್ ಮಾಡುವುದನ್ನು ಹೇಳಿಸಿಕೊಳ್ಳಲಿಲ್ಲ. ಎಂಜಿನ್ ನಡುಗುತ್ತಿದ್ದರೆ ಉದ್ದದ ಲೆನ್ಸಿನಲ್ಲಿ ಚಿತ್ರ ಮಸುಕಾಗುತ್ತದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಬೆಳಕಿನ ಲೆಕ್ಕ ಅಲ್ಲಿ ಬೇರೆ. ಮಾರಾ ಇರುವುದು ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಸುಮಾರು ಒಂದೂವರೆ ಡಿಗ್ರಿಯಲ್ಲಿ. ವರ್ಷವಿಡೀ ಸೂರ್ಯ ಆರೂವರೆಯ ಆಸುಪಾಸಿನಲ್ಲೇ ಹುಟ್ಟಿ, ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತಾನೆ. ಹೊಂಬಿಸಿಲು ಎನ್ನುವುದು ಬಂದಷ್ಟೇ ಬೇಗ ಹೋಗಿಬಿಡುತ್ತದೆ. ಎಂಟೂವರೆ ದಾಟಿದರೆ ಬಿಸಿಲು ಗಡುಸು. ಹತ್ತರ ಮೇಲೆ ನೆಲದಿಂದೇಳುವ ಝಳಕ್ಕೆ ದೂರದ ಪ್ರಾಣಿಯ ಅಂಚುಗಳು ಅಲುಗಾಡಿ, ಎಷ್ಟು ದುಬಾರಿ ಲೆನ್ಸಾದರೂ ಚಿತ್ರ ಚೂಪಾಗಿ ಬರುವುದಿಲ್ಲ. ಹೀಗಾಗಿ ತಿಂಡಿಯನ್ನು ಕಟ್ಟಿಸಿಕೊಂಡು ಕತ್ತಲಿರುವಾಗಲೇ ಹೊರಡುತ್ತಿದ್ದೆವು. ಸಮುದ್ರಮಟ್ಟದಿಂದ ಸುಮಾರು 1500 ಮೀಟರ್ ಎತ್ತರದ ಜಾಗ, ತೆರೆದ ಗಾಡಿ: ಸ್ವೆಟರ್, ಮಫ್ಲರ್ ಎರಡೂ ಬೇಕು.

ಕನ್ಸರ್ವೆನ್ಸಿಯಲ್ಲಿ ಒಂದು ಬೆಳಿಗ್ಗೆ ಗೆದ್ದಲು ಹುತ್ತದ ಮೇಲೆ ಹೆಣ್ಣು ಚೀತಾ ಕಂಡಿತು, ಜೊತೆಗೆ ಮೂರು ಮರಿ. ಅದರ ಹೊಟ್ಟೆ ಒಳಕ್ಕೆ ಸೇದಿಕೊಂಡಿತ್ತು. "ಹಸಿದಿದೆ, ಇವತ್ತು ಬೇಟೆಯಾಡುತ್ತದೆ" ಎಂದರು ಚಾಲಕರು. ಹತ್ತಿರ ಹೋಗೋಣವೇ ಎಂದು ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಅದಕ್ಕೆ ಎರಡು ಕಾರಣ. ಒಂದು, ಚೀತಾ ಹಗಲಿನ ಬೇಟೆಗಾರ. ಓಡಿ ಹಿಡಿಯುವುದೆಲ್ಲ ಅರ್ಧ ನಿಮಿಷದೊಳಗಿನ ಆಟ. ಅದಕ್ಕೂ ಅದರ ಬೇಟೆಗೂ ನಡುವೆ ಗಾಡಿ ಬಂದರೆ ಆ ದಿನದ ಊಟ ಹೋಯಿತು. ಮಾರಾದಲ್ಲಿ ಫೆಮ್ಕೆ ಬ್ರೂಕ್ಹೌಸ್ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರವಾಸಿಗಳು ಕಡಿಮೆ ಇರುವ ಕಡೆ ಒಂದು ಸೂಲಿನಲ್ಲಿ ಸರಾಸರಿ 2.3 ಮರಿಗಳು ಬೆಳೆದು ಸ್ವತಂತ್ರವಾದರೆ, ಹೆಚ್ಚು ಪ್ರವಾಸಿಗಳಿರುವ ಕಡೆ ಆ ಸಂಖ್ಯೆ 0.2. ಇದನ್ನು ಓದಿದ ಮೇಲೆ ಚೀತಾದ ಹತ್ತಿರಕ್ಕೆ ಗಾಡಿ ನುಗ್ಗಿಸಿ ತೆಗೆದ ಚಿತ್ರವನ್ನು ಮೆಚ್ಚಲು ನನ್ನಿಂದ ಆಗದು.

ಇನ್ನೊಂದು ಕಾರಣ ಶುದ್ಧ ಛಾಯಾಗ್ರಹಣದ್ದು. ಗಾಡಿಯಲ್ಲಿ ನಾವು ಪ್ರಾಣಿಗಿಂತ ಎತ್ತರದಲ್ಲಿರುತ್ತೇವೆ. ಹತ್ತಿರ ನಿಂತರೆ ಕ್ಯಾಮೆರಾ ಕೆಳಮುಖವಾಗಿ, ಪ್ರಾಣಿಯ ಬೆನ್ನು ದೊಡ್ಡದಾಗಿ, ಹಿನ್ನೆಲೆಗೆ ಬರೀ ಹುಲ್ಲು ಬರುತ್ತದೆ. ಹತ್ತು ಮೀಟರಿನ ಬದಲು ನಲವತ್ತು ಮೀಟರಿನಲ್ಲಿ ನಿಂತರೆ ಆ ಕೋನ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನಾವು ಅದರ ಕಣ್ಣಿನ ಮಟ್ಟಕ್ಕೆ ಬರುತ್ತೇವೆ, ಹಿನ್ನೆಲೆ ದೂರ ಸರಿದು ತಿಳಿಯಾದ ಬಣ್ಣವಾಗುತ್ತದೆ. ಫುಲ್ ಫ್ರೇಮ್ (ಹಳೆಯ 35 ಎಂ.ಎಂ. ಫಿಲ್ಮಿನಷ್ಟು ದೊಡ್ಡ ಸಂವೇದಕದ) ಕ್ಯಾಮೆರಾಕ್ಕೆ ಹಾಕಿದ 500 ಎಂ.ಎಂ. ಲೆನ್ಸು ನಲವತ್ತು ಮೀಟರಿನಲ್ಲಿ ಸುಮಾರು ಮೂರು ಮೀಟರ್ ಅಗಲವನ್ನು ತೋರಿಸುತ್ತದೆ. ಚೀತಾ ಫ್ರೇಮಿನ ಅರ್ಧದಷ್ಟು ತುಂಬುತ್ತದೆ, ಓಡಲು ಮುಂದೆ ಜಾಗವೂ ಉಳಿಯುತ್ತದೆ. ಮೇಲೆ ತೆರೆದ ಚಾವಣಿಯಿಂದ ತೆಗೆಯದೆ ನಾನು ಆದಷ್ಟು ಕಿಟಕಿಯಿಂದಲೇ ತೆಗೆಯುತ್ತೇನೆ. ಆ ಎರಡಡಿ ಇಳಿದರೂ ಚಿತ್ರದ ಚಹರೆ ಬದಲಾಗುತ್ತದೆ.

ಚೀತಾ ಹುತ್ತದಿಂದ ಇಳಿದು ಸಣ್ಣ ಹುಲ್ಲೆಗಳಾದ ಥಾಮ್ಸನ್ ಗೆಜೆಲ್‌ಗಳತ್ತ ಹೊರಟಿತು. ಚಾಲಕರು ಅದರ ಹಿಂದೆ ಹೋಗದೆ ದೊಡ್ಡ ಸುತ್ತು ಹಾಕಿ, ಸೂರ್ಯ ನಮ್ಮ ಭುಜದ ಹಿಂದೆ ಬರುವಂತೆ, ಗೆಜೆಲ್‌ಗಳಿಗೂ ಅಡ್ಡವಾಗದಂತೆ ಪಕ್ಕಕ್ಕೆ ನಿಲ್ಲಿಸಿದರು. ಒಂದು ಗಂಟೆಗೂ ಮೀರಿ ಕಾದೆವು. ಈ ಹೊತ್ತಿನಲ್ಲಿ ಶಟರ್ ಸ್ಪೀಡನ್ನು ಸೆಕೆಂಡಿನ 1/3200ಕ್ಕೆ ಏರಿಸಿ, ಅಪರ್ಚರ್ ಅಂದರೆ ಲೆನ್ಸಿನ ಕಿಂಡಿಯನ್ನು ಎಫ್/5.6ಕ್ಕೆ ಇಟ್ಟು, ಬೆಳಕಿಗೆ ಕ್ಯಾಮೆರಾದ ಸಂವೇದನೆಯಾದ ಐಎಸ್‌ಒವನ್ನು ಆಟೊಗೆ ಬಿಟ್ಟಿದ್ದೆ. ಓಟ ಶುರುವಾದ ಮೇಲೆ ಗುಂಡಿ ಹುಡುಕುವ ಹೊತ್ತಿರುವುದಿಲ್ಲ. ಕಣ್ಣನ್ನು ತಾನೇ ಹಿಡಿಯುವ ಫೋಕಸ್ ಬಯಲಿನಲ್ಲಿ ಅದ್ಭುತ, ಎತ್ತರದ ಹುಲ್ಲಿನಲ್ಲಿ ಮಾತ್ರ ಮುಂದಿನ ತೆನೆಯನ್ನೇ ಹಿಡಿದುಬಿಡುತ್ತದೆ. ಅಲ್ಲಿ ಒಂದೇ ಸಣ್ಣ ಬಿಂದುವಿಗೆ ಬದಲಾಯಿಸಿಕೊಳ್ಳುತ್ತೇನೆ. ಓಡಿತು, ಗೆಜೆಲ್ ತಿರುವಿನಲ್ಲಿ ತಪ್ಪಿಸಿಕೊಂಡಿತು, ಧೂಳು ಉಳಿಯಿತು. ಅಲ್ಲಿದ್ದ ಇನ್ನೊಂದು ಗಾಡಿ ಹೊರಟುಹೋಯಿತು. ನಾವು ಕದಲಲಿಲ್ಲ. ತಾಯಿ ಏದುಸಿರು ಬಿಡುತ್ತ ಮಲಗಿತು. ಅಡಗಿದ್ದ ಮರಿಗಳನ್ನು ಹಕ್ಕಿಯ ಚಿಲಿಪಿಲಿಯಂಥ ಸದ್ದಿನಲ್ಲಿ ಕರೆಯಿತು. ಅವು ಹುಲ್ಲು ಸೀಳಿಕೊಂಡು ಬಂದು ಅದರ ಬಾಲ ಹಿಡಿದು ಜಗ್ಗತೊಡಗಿದವು. ಆ ಪ್ರವಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಚಿತ್ರಗಳು ಬಂದದ್ದು ಆಗ. ಓಟದ ಚಿತ್ರಗಳು ಎಲ್ಲರ ಬಳಿಯೂ ಇರುತ್ತವೆ. ಸೋತು ಬಂದ ತಾಯಿಯ ದಣಿವು, ಅದರ ಪರಿವೆಯೇ ಇಲ್ಲದ ಮರಿಗಳ ಆಟ ಒಂದೇ ಫ್ರೇಮಿನಲ್ಲಿ ಸಿಗಬೇಕಾದರೆ ಅಲ್ಲೇ ಕೂತಿರಬೇಕು.

ಮುಖ್ಯ ಮೀಸಲಿನಲ್ಲಿ ಇಷ್ಟು ಬಿಡುವು ಸಿಗುವುದಿಲ್ಲ. ಒಂದು ಪ್ರಾಣಿಯ ಬಳಿ ಒಮ್ಮೆಗೆ ಐದೇ ಗಾಡಿ ಎಂಬ ನಿಯಮವಿದೆ, ಉಳಿದವರು ಸರದಿ ಕಾಯಬೇಕು. ಒಳ್ಳೆಯ ನಿಯಮ, ಅದನ್ನು ಮುರಿಯುವಂತೆ ನಮ್ಮ ಚಾಲಕರ ಮೇಲೆ ಒತ್ತಡ ಹಾಕದಿರುವುದು ಪ್ರವಾಸಿಗಳ ಕೆಲಸ.

ನದಿಯ ದಂಡೆಯಲ್ಲಿ ಕಾಯುವಿಕೆಯೇ ಇನ್ನೊಂದು ಬಗೆಯದು. ಹಿಂಡು ದಂಡೆಗೆ ಬರುತ್ತದೆ, ನೀರು ಮೂಸುತ್ತದೆ, ಏನೋ ಬೆದರಿ ಹಿಂದೆ ಓಡುತ್ತದೆ, ಮತ್ತೆ ಬರುತ್ತದೆ. ಇಡೀ ದಿನ ಹೀಗೇ ಕಳೆದು ದಾಟದೆಯೂ ಹೋಗಬಹುದು. ಮೊದಲ ವಿಲ್ಡೆಬೀಸ್ಟ್ ನೀರಿಗೆ ಇಳಿಯುವವರೆಗೆ ಗಾಡಿಗಳು ದಂಡೆಯಿಂದ ಹಿಂದೆ ಸರಿದಿರಬೇಕು, ಇಲ್ಲವಾದರೆ ಹಿಂಡು ಬರುವ ದಾರಿಯೇ ಮುಚ್ಚಿಹೋಗುತ್ತದೆ. ಇಲ್ಲಿ ನನಗೆ ಉದ್ದದ ಲೆನ್ಸಿಗಿಂತ 70-200 ಎಂ.ಎಂ. ಲೆನ್ಸು ಹೆಚ್ಚು ಕೆಲಸಕ್ಕೆ ಬಂತು. ಒಂದೊಂದೇ ಮುಖ ಹಿಡಿದರೆ ಆ ಗದ್ದಲ, ದಂಡೆಯ ಎತ್ತರ, ಮೇಲಿನ ಧೂಳಿನ ಮೋಡ ಯಾವುದೂ ಬರುವುದಿಲ್ಲ. ಒಮ್ಮೆ 1/2000ದಲ್ಲಿ ನೀರಿನ ಹನಿಗಳನ್ನು ಹಿಡಿದಾದ ಮೇಲೆ 1/30ಕ್ಕೆ ಇಳಿಸಿ, ಓಡುವ ಹಿಂಡಿನ ಜೊತೆಗೆ ಕ್ಯಾಮೆರಾ ತಿರುಗಿಸುತ್ತ ತೆಗೆದೆ. ಹೆಚ್ಚಿನವು ಕೆಲಸಕ್ಕೆ ಬಾರದವು, ಬಂದ ಕೆಲವಲ್ಲಿ ವೇಗವೇ ಚಿತ್ರ. ವಿಲ್ಡೆಬೀಸ್ಟ್ ಕಪ್ಪು ಮುಖದ ಪ್ರಾಣಿ, ಒಣಹುಲ್ಲು ಬೆಳ್ಳಗೆ ಹೊಳೆಯುತ್ತದೆ. ಕ್ಯಾಮೆರಾ ಹುಲ್ಲನ್ನು ನಂಬಿ ಮುಖವನ್ನು ಕತ್ತಲು ಮಾಡುತ್ತದೆ. ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಎರಡರಷ್ಟು ಬೆಳಕು) ಏರಿಸಿಕೊಳ್ಳಬೇಕು. ಸಂಜೆ ಧೂಳಿನ ಹಿಂದೆ ಸೂರ್ಯ ಇದ್ದಾಗ ಇದಕ್ಕೆ ತದ್ವಿರುದ್ಧ: ಒಂದು, ಒಂದೂವರೆ ಸ್ಟಾಪ್ ಇಳಿಸಿದರೆ ಕೇಸರದ ಅಂಚು ಮಾತ್ರ ಬೆಳಗುತ್ತದೆ.

ಕೊನೆಗೆ ಅಂಬೊಸೆಲಿ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಆನೆಗಳ ಹಿಂದೆ ಕಿಲಿಮಂಜಾರೊ, 5895 ಮೀಟರ್. ಪರ್ವತ ಇರುವುದು ತಾಂಜಾನಿಯಾದಲ್ಲಿ, ಕಾಣುವುದು ಕೆನ್ಯಾದ ಈ ಬಯಲಿನಿಂದ. ಹೊತ್ತೇರಿದಂತೆ ಮೋಡ ಕವಿಯುತ್ತದೆ, ಬೆಳಗಿನ ಮೊದಲ ಗಂಟೆಯೇ ಗತಿ. ಆನೆಯನ್ನು ಆದಷ್ಟು ದೂರದಲ್ಲಿ ಇರಿಸಿಕೊಂಡು ಉದ್ದದ ಲೆನ್ಸಿನಲ್ಲಿ ತೆಗೆದರೆ ಪರ್ವತ ದೊಡ್ಡದಾಗಿ ಅದರ ಬೆನ್ನಿಗೇ ನಿಲ್ಲುತ್ತದೆ. ಹತ್ತಿರ ಹೋಗಿ ಅಗಲ ಲೆನ್ಸ್ ಹಾಕಿದರೆ ಪರ್ವತ ಕುಗ್ಗಿಹೋಗುತ್ತದೆ. ಇಲ್ಲೂ ಲಾಭ ದೂರ ನಿಂತವರಿಗೇ.

ಸಾಮಾನಿನ ವಿಷಯ. ನನ್ನ ಬಳಿ ಇದ್ದದ್ದು ನಿಕಾನ್ 200-500 ಮತ್ತು 70-200, ಎರಡು ಕ್ಯಾಮೆರಾಗಳಿಗೆ ಒಂದೊಂದು. ಧೂಳಿನಲ್ಲಿ ಲೆನ್ಸ್ ಬಿಚ್ಚಲೇಬಾರದು ಎಂಬುದಕ್ಕೇ ಎರಡು ಕ್ಯಾಮೆರಾ. ಟ್ರೈಪಾಡ್ ಗಾಡಿಯಲ್ಲಿ ನಿಲ್ಲುವುದಿಲ್ಲ. ಲೆನ್ಸಿಗೆ ಆಸರೆಯಾಗುವ ಬೀನ್ ಬ್ಯಾಗ್ ಚೀಲವನ್ನು ಖಾಲಿ ಒಯ್ದು, ನೈರೋಬಿಯಿಂದ ಮಾರಾಕ್ಕೆ ಹೋಗುವ ದಾರಿಯ ನಾರೊಕ್ ಪಟ್ಟಣದಲ್ಲಿ ಒಣ ಹುರುಳಿಕಾಯಿ ಬೀಜ ಕೊಂಡು ತುಂಬಿದೆವು. ಸಣ್ಣ ವಿಮಾನದಲ್ಲಿ ಹೋಗುವವರಿಗೆ ಸಾಮಾನು 15 ಕೆ.ಜಿ.ಯೊಳಗೆ, ಮೆತ್ತನೆಯ ಚೀಲದಲ್ಲಿ ಇರಬೇಕು. ಕ್ಯಾಮೆರಾ ಮುಚ್ಚಲು ಪ್ಲಾಸ್ಟಿಕ್ ಕವರ್ ಒಯ್ಯಬೇಡಿ, ಕೆನ್ಯಾದಲ್ಲಿ 2017ರಿಂದ ಅದು ನಿಷಿದ್ಧ. ಹಳೆಯ ದಿಂಬಿನ ಕವರು ಸಾಕು, ಧೂಳಿಗೆ ಅದೇ ಮೇಲು. ಅಲ್ಲಿಯ ಪ್ಲಗ್ ಬ್ರಿಟಿಷ್ ಮಾದರಿಯ ಚೌಕ ಮೂರು ಪಿನ್ನಿನದು. ಡ್ರೋನ್ ಮನೆಯಲ್ಲೇ ಇರಲಿ.

ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಿ. ಕೆನ್ಯಾದಿಂದ ಹಿಂದಿರುಗುವಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಅದನ್ನು ಕೇಳುತ್ತಾರೆ, ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಚಿತ್ರಗಳನ್ನು ಪ್ರತಿ ರಾತ್ರಿ ಎರಡು ಹಾರ್ಡ್ ಡಿಸ್ಕ್‌ಗಳಿಗೆ ಇಳಿಸಿ, ಒಂದನ್ನು ಗೆಳೆಯನ ಚೀಲದಲ್ಲಿ ಇಡುತ್ತಿದ್ದೆ. ಅಳಿಸುವ ಕೆಲಸವನ್ನು ಅಲ್ಲಿ ಮಾಡುತ್ತಿರಲಿಲ್ಲ. ಆದರೆ ಚಾಲಕರನ್ನು ಕೂರಿಸಿಕೊಂಡು ದಿನದ ಚಿತ್ರಗಳನ್ನು ಒಟ್ಟಿಗೆ ನೋಡುವುದನ್ನು ಒಂದು ರಾತ್ರಿಯೂ ಬಿಡಲಿಲ್ಲ. ಗಾಡಿ ಇನ್ನೂ ಐದು ಮೀಟರ್ ಎಡಕ್ಕೆ ಇದ್ದಿದ್ದರೆ ಆ ಪೊದೆ ಸಿಂಹದ ತಲೆಯ ಹಿಂದೆ ಬರುತ್ತಿರಲಿಲ್ಲ ಎಂದು ಅವರೇ ತೋರಿಸುತ್ತಿದ್ದರು. ಮರುದಿನ ಬೆಳಿಗ್ಗೆ ಎಲ್ಲಿಗೆ, ಯಾವ ದಿಕ್ಕಿನಿಂದ ಹೋಗಬೇಕೆಂಬುದು ಆಗಲೇ ತೀರ್ಮಾನವಾಗುತ್ತಿತ್ತು.